ಎಡಕ್ಕೆ ನಡೆದ ಕೊಡೆಗಾರ

ಕೊಡೆಗಾರ ಹಿಂದಕ್ಕೆ ನಡೆಯುತ್ತಿದ್ದ.

ಒಂದು ದೃಶ್ಯದಲ್ಲಲ್ಲ, ಹನ್ನೆರಡರಲ್ಲೂ. ಇಪ್ಪತ್ತು ಅಡಿ ಉದ್ದದ ಕಾಗದದ ಸುರುಳಿ ಪ್ರಕಾಶನದ ನೆಲದ ಮೇಲೆ ಬಾಗಿಲಿನಿಂದ ಕಿಟಕಿಯವರೆಗೆ ಮಲಗಿತ್ತು. ನಾಲ್ಕು ಮೂಲೆಗೆ ನಾಲ್ಕು ನಿಘಂಟು. ಬಲತುದಿಯಲ್ಲಿ ಕೊಡೆ ಅಂಗಡಿ, ಅದರಾಚೆ ಒಣಗಿದ ಹೊಳೆ, ಬಿದಿರ ಮೆಳೆ, ಮಂಜು ಮುಸುಕಿದ ಸೇತುವೆ, ಒಂದರ ಹೆಗಲ ಮೇಲೊಂದು ಏರಿದ ಬೆಟ್ಟಗಳು, ಎಡತುದಿಯಲ್ಲಿ ಮೋಡದಿಂದ ಅರ್ಧ ಹೊರಬಂದ ಡ್ರ್ಯಾಗನ್. ನಡುವೆ ಹನ್ನೆರಡು ಸಲ ಅದೇ ಪುಟ್ಟ ಮನುಷ್ಯ, ಎಣ್ಣೆಕಾಗದದ ಕೊಡೆ ಹಿಡಿದು, ಗದ್ದ ಮುಂದೆ ಚಾಚಿ, ಎಡಕ್ಕೆ, ಎಡಕ್ಕೆ, ಎಡಕ್ಕೆ.

ಈ ಕಥೆ ಬರೆದವಳು ಇಷ್ಟು ಚೆಂದದ ಕೆಲಸವನ್ನು ಹತ್ತಿರದಿಂದ ನೋಡಿರಲಿಲ್ಲ. ಗಂಟಲು ಕಟ್ಟಿತು. ಆಮೇಲೆ ಬಾಯಿ ತೆರೆಯಿತು.

"ಎಲ್ಲಾ ಉಲ್ಟಾ ಇದೆ."

ಈ ಮಾತು ಆಡಲೆಂದು ಅವಳು ಬೆಳಿಗ್ಗೆ ಹಸಿರು ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿರಲಿಲ್ಲ.

ಸುರುಳಿಯ ಆ ತುದಿಯಲ್ಲಿ ಮಂಡಿಯೂರಿದ್ದ ಚಿತ್ರಗಾರ ತಲೆಯೆತ್ತಿದ. "ಏನು ಉಲ್ಟಾ?"

"ಇವನು. ಡ್ರ್ಯಾಗನ್ ಹುಡುಕ್ಕೊಂಡು ಹೊರಟೋನು ಎಡಗಡೆ ಮುಖ ಮಾಡಿದಾನೆ. ಪುಸ್ತಕ ಬಲಗಡೆಗೆ ತಾನೇ ಹೋಗೋದು? ಪುಟ ತಿರುಗಿಸ್ತಾ ಹೋದ್ರೆ ಇವನು ಮನೆಗೆ ವಾಪಸ್ ಹೋಗ್ತಿರೋ ಹಾಗೆ ಕಾಣುತ್ತೆ. ಕರಡಿನಲ್ಲಿ ಸರಿಯಾಗಿತ್ತಲ್ಲ?"

ಚಿತ್ರಪುಸ್ತಕ ಮಾಡುವವರಿಗೆ ಇದು ಅ ಆ ಇ ಈ. ಓದು ಎಡದಿಂದ ಬಲಕ್ಕೆ, ಪುಟ ತಿರುವುವುದು ಬಲತುದಿಯಿಂದ; ಹೊರಟವನು ಬಲಕ್ಕೆ ನೋಡಬೇಕು, ಮರಳುವವನು ಎಡಕ್ಕೆ. ಓದಲು ಬಾರದ ಮಗುವಿಗೂ ಇದು ಗೊತ್ತಿರುತ್ತದೆ.

ಅವನು ಸುರುಳಿಯನ್ನು ಬಲದಿಂದ ಎಡಕ್ಕೆ ಒಮ್ಮೆ ನೋಡಿದ, ಎಡದಿಂದ ಬಲಕ್ಕೆ ಇನ್ನೊಮ್ಮೆ. ಕಿವಿ ಮೊದಲು ಕೆಂಪಾಯಿತು, ಆಮೇಲೆ ಕತ್ತು.

"ಅಯ್ಯೋ," ಎಂದ.

ಕಿಟಕಿಯ ಬಳಿ ನಿಂತಿದ್ದ ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಪ್ರಕಾಶನ ಅವರದ್ದು. ಅವಳ ಅಮ್ಮನ ಅಕ್ಕ. ಆಫೀಸಿನಲ್ಲಿಯೂ ಅವರು ದೊಡ್ಡಮ್ಮನೇ. ಚೀನಾದ ಜನಪದ ಕಥೆಗಳ ಧಾಟಿಯಲ್ಲಿ ಮಕ್ಕಳಿಗೆ ಆರು ಚಿತ್ರಪುಸ್ತಕ ತರುವುದು ಅವರ ಹಟ. ಇದು ಮೂರನೆಯದು.

"ಕತ್ತರಿ," ದೊಡ್ಡಮ್ಮ ಹೇಳಿದರು, "ಮೊದಲು ಒಂದು ಒಳ್ಳೇ ಮಾತು ಹೇಳಿ ಆಮೇಲೆ ಇದನ್ನ ಹೇಳಬಹುದಿತ್ತು."

ಅವಳಿಗೆ ಆ ಹೆಸರಿಟ್ಟವರೂ ಅವರೇ. ಬೇರೆಯವರ ವಾಕ್ಯವನ್ನಾಗಲಿ ತನ್ನದನ್ನಾಗಲಿ ಕತ್ತರಿಸದೆ ಬಿಟ್ಟವಳಲ್ಲ. ಕೊಡೆಗಾರನ ಕಥೆ ಅವಳೇ ಬರೆದದ್ದು. ಮೊದಲು ಎಂಟುನೂರು ಪದವಿತ್ತು, ಈಗ ನೂರ ತೊಂಬತ್ತು.

ಕಥೆ ಇಷ್ಟು. ಒಂದೂರಿನಲ್ಲಿ ಮಳೆ ನಿಂತುಹೋಗಿದೆ. ಡ್ರ್ಯಾಗನ್ ಬಂದರೆ ಮಳೆ, ಅದು ಬರುತ್ತಿಲ್ಲ. ಊರಿನವರು ಯಾರೂ ಹೋಗಲೊಲ್ಲರು. ಕೊನೆಗೆ ಕೊಡೆಗಾರ ಹೊರಡುತ್ತಾನೆ, ಮಳೆಯಿಲ್ಲದ ಊರಿನಲ್ಲಿ ಅವನಿಗೆ ಬೇರೇನು ಕೆಲಸ? ಬೆಟ್ಟಗಳನ್ನು ಹತ್ತಿ ಡ್ರ್ಯಾಗನ್ ಮುಂದೆ ನಿಂತು ಕೇಳುತ್ತಾನೆ, ಯಾಕೆ ಬರ್ತಿಲ್ಲ? ಡ್ರ್ಯಾಗನ್ ಹೇಳುತ್ತದೆ: "ಕರೆಯೋರೂ ನೀವೇ. ಬಂದ ಕೂಡಲೇ ಕೊಡೆ ಬಿಡಿಸಿ ಮುಖ ಮುಚ್ಕೊಳ್ಳೋರೂ ನೀವೇ." ಆಗ ಕೊಡೆಗಾರ ತನ್ನ ಕೊಡೆ ಮಡಿಸುತ್ತಾನೆ.

ಇದನ್ನು ಬರೆದ ದಿನ ದೊಡ್ಡಮ್ಮ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಇಂಥದ್ದೆಲ್ಲ ಬರೀತೀಯ, ನಿನಗೇ ಅರ್ಥ ಆಗಲ್ಲ," ಎಂದಿದ್ದರು.

*

ಚಿತ್ರಗಾರನಿಗೆ ಆಫೀಸಿನವರು ಇಟ್ಟ ಹೆಸರು ಮಸಿ. ಉಗುರಿನ ಸಂದಿಯಲ್ಲಿ ಅದು ಸದಾ ಇರುತ್ತಿತ್ತು.

ನಾಲ್ಕು ತಿಂಗಳಲ್ಲಿ ಅವರು ಎದುರುಬದುರು ಮಾತಾಡಿದ್ದು ಐದು ಸಲ. ಉಳಿದದ್ದೆಲ್ಲ ಚೀಟಿಯಲ್ಲಿ. ಅವನು ಕರಡುಗಳನ್ನು ಸೋಮವಾರ ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟು ಹೋಗುತ್ತಿದ್ದ. ಅವಳು ಹಳದಿ ಚೀಟಿ ಅಂಟಿಸಿ ಬುಧವಾರ ಅದೇ ಗೂಡಿನಲ್ಲಿ ಇಡುತ್ತಿದ್ದಳು.

"ಇವನ ಕುತ್ತಿಗೆ ಎಲ್ಲಿ?" ಎಂದು ಅವಳು ಬರೆದರೆ, ಮುಂದಿನ ವಾರ ಕೊಡೆಗಾರನಿಗೆ ಕೊಕ್ಕರೆಯಷ್ಟು ಉದ್ದ ಕುತ್ತಿಗೆ. ಪಕ್ಕದಲ್ಲಿ: "ಸಿಕ್ಕಿತು."

"ಬಾತುಕೋಳಿ ಬೇಡ. ಕಥೆಯಲ್ಲಿ ಇಲ್ಲ," ಎಂದು ಬರೆದರೆ, ಬಾತುಕೋಳಿ ಒಂದು ಗಂಟು ಹೊತ್ತು ಹಾಳೆಯ ಅಂಚಿನಿಂದ ಹೊರಗೆ ಹೋಗುತ್ತಿರುವ ಚಿತ್ರ. ಬಾಲ ಮಾತ್ರ ಒಳಗೆ. "ಹೋಗ್ತಿದೆ. ಸ್ವಲ್ಪ ಬೇಜಾರಾಗಿದೆ."

ಅವಳು ಆಫೀಸಿನಲ್ಲಿ ಒಬ್ಬಳೇ ನಕ್ಕಳು. ಬಾತುಕೋಳಿಯನ್ನು ಮನೆಗೆ ಒಯ್ದು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದಳು. ಚೀಟಿಯಲ್ಲಿ ಮಾತ್ರ ಬರೆದದ್ದು, "ಸರಿ. ಮುಂದಿನ ಪುಟ."

ಸೋಮವಾರಗಳು ತನಗೆ ಯಾಕೆ ಇಷ್ಟವಾಗುತ್ತಿವೆ ಎಂದು ಅವಳು ಕೇಳಿಕೊಂಡಿರಲಿಲ್ಲ. ಕೇಳಿಕೊಂಡರೆ ಉತ್ತರ ಬಂದುಬಿಡುತ್ತದಲ್ಲ.

*

ಮರುದಿನ ಡಿಸೈನರ್ ಸುರುಳಿಯ ಹನ್ನೆರಡು ದೃಶ್ಯಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕನ್ನಡಿಯಂತೆ ತಿರುಗಿಸಿದ. ಒಂದು ಗುಂಡಿ ಒತ್ತುವ ಕೆಲಸ. ಕೊಡೆಗಾರ ಈಗ ಬಲಕ್ಕೆ ನಡೆದ.

"ಆಯ್ತಲ್ಲ," ಎಂದ ಡಿಸೈನರ್, ಒಂದು ಕಿವಿಯಿಂದ ಇಯರ್‌ಫೋನ್ ಕಿತ್ತು. "ಇಷ್ಟಕ್ಕೆ ಯಾಕೆ ಮನೆ ಸುಟ್ಟ ಮುಖ ಮಾಡ್ಕೊಂಡಿದೀರ?"

ಆಗಲಿಲ್ಲ. ಕೊಡೆ ಅಂಗಡಿಯ ಫಲಕದ ಮೇಲಿನ ಚೀನೀ ಅಕ್ಷರಗಳು ಎಡಬಲ ಅದಲುಬದಲಾಗಿದ್ದವು. ಅವನ್ನು ಬೇರೆ ಬರೆಸಬಹುದು. ಬಿದಿರಿನ ಎಲೆಗಳಿಗೆ ಏನೋ ಆಗಿತ್ತು. ಕುಂಚ ಒತ್ತಿ ಎತ್ತಿದ ಕಡೆ ತೆಳುವಾಗುತ್ತಿದ್ದ ಎಲೆಗಳು ಈಗ ಗಾಳಿಗೆ ಎದುರಾಗಿ ನಿಂತಂತೆ ಬಿಗಿದುಕೊಂಡಿದ್ದವು. ಇನ್ನೂ ಏನೋ ಒಂದು ತಪ್ಪಿತ್ತು, ಅವಳಿಗೆ ಹೊಳೆಯಲಿಲ್ಲ.

ಬಾಗಿಲಲ್ಲಿ ಮಸಿ ನಿಂತಿದ್ದ. ಯಾವಾಗ ಬಂದನೋ. ಪರದೆಯನ್ನು ನೋಡಿದ.

"ಹೀಗೆ ಮಾಡೋದಾದ್ರೆ ನನ್ನ ಹೆಸರು ಹಾಕಬೇಡಿ," ಎಂದ. ದನಿ ಎತ್ತಲಿಲ್ಲ. "ತಪ್ಪು ನಂದೇ. ಆದ್ರೆ ಇದು ನಾನು ಬರೆದ ಚಿತ್ರ ಅಲ್ಲ."

"ಹೊಸದಾಗಿ ಬರೆಯೋಕಾಗುತ್ತಾ?" ಅವಳು ಕೇಳಿದಳು.

"ಎರಡು ತಿಂಗಳು ಬೇಕು."

"ಸೋಮವಾರ ಪ್ರೆಸ್ಸಿಗೆ ಹೋಗಬೇಕು." ಇದು ದೊಡ್ಡಮ್ಮ. "ಶನಿವಾರದೊಳಗೆ ನೀವಿಬ್ಬರೂ ಏನಾದ್ರೂ ದಾರಿ ಹುಡುಕಿ. ಇಲ್ಲಾಂದ್ರೆ ಈ ಕಥೆ ಎತ್ತಿಟ್ಟು ನಾಲ್ಕನೇ ಪುಸ್ತಕ ಮೊದಲು ಕಳಿಸ್ತೀನಿ. ಕೊಡೆ ಕಥೆಗೆ ನಿಧಾನವಾಗಿ ಬೇರೆ ಯಾರ ಕೈಲಾದ್ರೂ ಬರೆಸ್ತೀನಿ. ನನಗೆ ಇಷ್ಟವಿಲ್ಲ. ಆದ್ರೂ ಮಾಡ್ತೀನಿ."

ದೊಡ್ಡಮ್ಮ ಹೇಳಿದ್ದನ್ನು ಮಾಡುವವರು.

ಅವನು ತಲೆಯಾಡಿಸಿ ಹೊರಟ. ಮೆಟ್ಟಿಲಿನ ಸದ್ದು ಕೆಳಗಿಳಿಯುತ್ತ ಹೋಯಿತು. ಗೂಡಿನಲ್ಲಿ ಆ ಬುಧವಾರ ಏನೂ ಇರಲಿಲ್ಲ. ಖಾಲಿ ಗೂಡು ಇಷ್ಟು ದೊಡ್ಡದು ಎಂದು ಅವಳಿಗೆ ಅವತ್ತು ತಿಳಿಯಿತು.

ಮಧ್ಯಾಹ್ನ ಮತ್ತೆ ಪರದೆಯ ಮುಂದೆ ಕೂತಾಗ ಹೊಳೆಯಿತು. ತಿರುಗಿಸಿದ ಚಿತ್ರದಲ್ಲಿ ಕೊಡೆಗಾರ ಕೊಡೆಯನ್ನು ಬಲಗೈಯಲ್ಲಿ ಹಿಡಿದಿದ್ದ. ಮೂಲದಲ್ಲಿ ಎಡಗೈ. ಹನ್ನೆರಡರಲ್ಲೂ ಎಡಗೈ. ಅವಳು ಐದು ಭೇಟಿಗಳನ್ನು ಒಂದೊಂದಾಗಿ ನೆನೆದಳು. ಟೀ ಲೋಟ ಹಿಡಿದದ್ದು, ಬಾಗಿಲು ತೆರೆದದ್ದು, ಕೂದಲು ಹಿಂದಕ್ಕೆ ತಳ್ಳಿದ್ದು. ಎಲ್ಲ ನೆನಪಿತ್ತು, ನಾಚಿಕೆಯಾಗುವಷ್ಟು ವಿವರವಾಗಿ. ಎಲ್ಲ ಎಡಗೈಯಲ್ಲೇ.

*

ಮಸಿಯ ಅಕ್ಕ ದರ್ಜಿ. ಕೆಳಗೆ ಅಂಗಡಿ, ಮೇಲೆ ಮನೆ. ಗುರುವಾರ ಅವಳು ಹೋದಾಗ ಅಕ್ಕ ಬಾಯಲ್ಲಿ ಮೂರು ಗುಂಡುಸೂಜಿ ಕಚ್ಚಿಕೊಂಡು ಒಂದು ಕೋಟಿನ ತೋಳು ಬಿಚ್ಚುತ್ತಿದ್ದಳು.

"ಯಾರು ಬೇಕು?"

"ನಾನು ಪ್ರಕಾಶನದಿಂದ..."

ಅಕ್ಕ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದಳು. ತಲೆಯಿಂದ ಕಾಲಿನವರೆಗೆ ಅಳತೆ ತೆಗೆಯುವವಳಂತೆ ನೋಡಿದಳು.

"ಓ. ಕತ್ತರಿ."

"ನಿಮಗೆ ಹೇಗೆ ಗೊತ್ತು?"

"ನನ್ನ ಅಂಗಡಿಗೆ ಕಾಲಿಡದೇನೇ ಇಲ್ಲಿ ನನಗಿಂತ ಜಾಸ್ತಿ ಕತ್ತರಿಸೋಳು ನೀನೊಬ್ಬಳೇ. ಬಾ, ಇಲ್ಲಿ ನೋಡು."

ಬಟ್ಟೆ ಕತ್ತರಿಸುವ ಮೇಜಿನ ಹಿಂದಿನ ಗೋಡೆಗೆ ಹಳದಿ ಚೀಟಿಗಳು. ಎಲ್ಲವೂ. ಗುಂಡುಸೂಜಿ ಚುಚ್ಚಿ, ವಾರದ ಪ್ರಕಾರ ಸಾಲಾಗಿ. "ಇವನ ಕುತ್ತಿಗೆ ಎಲ್ಲಿ?" "ಸೇತುವೆ ಬಿದ್ದುಹೋಗುವ ಹಾಗಿದೆ." "ಈ ನಗು ಬೇಡ, ಇವನಿಗೆ ಹಸಿವಾಗಿದೆ." "ಬಾತುಕೋಳಿ ಬೇಡ."

"ಇಷ್ಟು ಬೈಸಿಕೊಂಡು ಗೋಡೆಗೆ ಹಾಕ್ಕೊಂಡಿರೋನ್ನ ನಾನು ನೋಡೇ ಇರಲಿಲ್ಲ," ಎಂದಳು ಅಕ್ಕ. "ಇದೇನು ಪ್ರೇಮಪತ್ರಾನಾ, ಪರೀಕ್ಷೆ ಪೇಪರ್ರಾ ಅಂತ ಕೇಳ್ದೆ. ಎರಡರಲ್ಲೂ ಫೇಲಾಗಬಹುದು ಅಂದ."

ಅವಳಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮೇಜನ್ನು ನೋಡಿದಳು. ಉದ್ದದ ಮೇಜು, ಬಲ ಅಂಚಿನಲ್ಲಿ ಮಸಿಯ ಕಲೆ ಇರಲಿಲ್ಲ, ಎಡ ಅಂಚಿನಲ್ಲಿ ತುಂಬ ಇತ್ತು.

"ಇಲ್ಲೇ ಬರೀತಾರಾ?"

"ಆರರಿಂದ ಒಂಬತ್ತೂವರೆ. ಹತ್ತಕ್ಕೆ ನಾನು ಅಂಗಡಿ ತೆಗೀಬೇಕಲ್ಲ. ಅವನು ಎಡಚ ನೋಡು. ಎಡದಿಂದ ಶುರು ಮಾಡಿದ್ರೆ ಒಣಗದ ಮಸಿ ಮೇಲೇ ಕೈ ಹೋಗುತ್ತೆ. ಚಿಕ್ಕೋನಿದ್ದಾಗ ಇವನ ನೋಟ್‌ಬುಕ್ ನೋಡಬೇಕಿತ್ತು, ಎಮ್ಮೆ ಮಲಗೆದ್ದ ಹಾಗೆ. ಅದಕ್ಕೇ ಸುರುಳೀನ ಬಲದಿಂದ ಶುರು ಮಾಡ್ತಾನೆ. ಆ ಚೀನೀಯರ ಹಳೇ ಸುರುಳಿಗಳೂ ಬಲದಿಂದಲೇ ಬಿಚ್ಚೋದಂತೆ. ಏನು ಖುಷಿ ಅವನಿಗೆ! 'ಅಕ್ಕ, ಜನ್ಮದಲ್ಲಿ ಮೊದಲ ಸಲ ಒಂದು ಕೆಲಸ ನನ್ನ ಕೈ ಹೋಗೋ ದಿಕ್ಕಿನಲ್ಲೇ ಇದೆ' ಅಂದ." ಅಕ್ಕ ತಲೆ ಅಲ್ಲಾಡಿಸಿದಳು. "ಆ ಖುಷಿಯಲ್ಲಿ ಅದು ಪುಸ್ತಕ ಆಗಬೇಕು ಅನ್ನೋದನ್ನೇ ಮರೆತ. ಪೆದ್ದ."

ಹಿಂದಿನಿಂದ ಯಾರೋ ಕೆಮ್ಮಿದರು. ಮಸಿ ಮೆಟ್ಟಿಲ ಕೊನೆಯಲ್ಲಿ ನಿಂತಿದ್ದ, ಕೈಯಲ್ಲಿ ಎರಡು ಲೋಟ ಟೀ. ಅವಳನ್ನು ನೋಡಿದ, ಗೋಡೆಯನ್ನು ನೋಡಿದ, ಅಕ್ಕನನ್ನು ನೋಡಿದ.

"ಅಕ್ಕಾ."

"ನಾನೇನೂ ಹೇಳಿಲ್ಲಪ್ಪ. ಗೋಡೆ ಹೇಳ್ತು." ಅಕ್ಕ ತನ್ನ ಲೋಟ ಕಿತ್ತುಕೊಂಡು ಕೋಟಿನ ಜೊತೆ ಒಳಗೆ ಹೋದಳು.

ಉಳಿದ ಲೋಟವನ್ನು ಅವನು ಅವಳ ಮುಂದೆ ಇಟ್ಟ. ಅವಳು ಕ್ಷಮೆ ಕೇಳಲು ಬಂದಿದ್ದಳು. ದಾರಿಯುದ್ದಕ್ಕೂ ವಾಕ್ಯ ಕಟ್ಟಿದ್ದಳು. ಕಟ್ಟಿ, ಕತ್ತರಿಸಿ, ಮತ್ತೆ ಕಟ್ಟಿ. ಈಗ ನೋಡಿದರೆ ಒಂದು ಪದವೂ ಉಳಿದಿರಲಿಲ್ಲ.

"ಶನಿವಾರ ಲೈಬ್ರರಿಯಲ್ಲಿ ಮಕ್ಕಳಿಗೆ ಓದ್ತೀನಿ," ಎಂದಳು. "ಪ್ರತಿ ಪುಸ್ತಕಾನೂ ಪ್ರೆಸ್ಸಿಗೆ ಮೊದಲು ಅಲ್ಲಿ ಓದಿ ನೋಡ್ತೀವಿ. ನಿಮ್ಮ ಚಿತ್ರಗಳನ್ನ ಹೇಗಿದೆಯೋ ಹಾಗೇ ಒಯ್ತೀನಿ. ತಿರುಗಿಸದೆ."

"ಮಕ್ಕಳಿಗೆ ಅರ್ಥ ಆಗದಿದ್ರೆ?"

"ಆಗ ತಿರುಗಿಸಬೇಕು. ಅಥವಾ ಬೇರೆಯವರು ಬರೀತಾರೆ."

"ಸಮಾಧಾನ ಮಾಡೋಕೆ ಬಂದಿದೀರಾ ಅಂದ್ಕೊಂಡೆ."

"ಮಾಡೋಕೆ ಬರಲ್ಲ ನನಗೆ."

ಅವನು ನಕ್ಕ. ಕಣ್ಣಿನ ಮೂಲೆಯಲ್ಲಿ ಮೊದಲು, ತುಟಿಗೆ ತಡವಾಗಿ ಇಳಿಯುವ ನಗು. "ಗೊತ್ತು. ಗೋಡೆ ತುಂಬ ಸಾಕ್ಷಿ ಇದೆ." ಆಮೇಲೆ, "ಅಂಗಿ ಚೆನ್ನಾಗಿತ್ತು ಅವತ್ತು. ಹಸಿರು," ಎಂದ.

"ಸುರುಳಿ ನೋಡ್ತಿದ್ರಿ ನೀವು."

"ನೋಡ್ತಿದ್ದೆ. ಸುರುಳಿ ಇಪ್ಪತ್ತಡಿ. ನೀವು ಅದರ ಆ ಕಡೆ ಇದ್ರಿ."

ಅವಳು ಟೀ ಬಿಸಿಯಿದ್ದಂತೆಯೇ ಕುಡಿದು ನಾಲಿಗೆ ಸುಟ್ಟುಕೊಂಡಳು. "ಸಕ್ಕರೆ ಜಾಸ್ತಿ ಆಯ್ತು," ಎಂದು ಹೇಳಿ ಹೊರಟುಬಿಟ್ಟಳು. ರಸ್ತೆಯ ತಿರುವಿನಲ್ಲಿ ನಿಂತು ತನ್ನ ಹಣೆಗೆ ತಾನೇ ಒಂದು ಬಾರಿಸಿಕೊಂಡಳು. ಅವನು ಒಂದು ಮಾತು ಹತ್ತಿರ ತಂದ. ಅವಳು ಸಕ್ಕರೆಯ ಬಗ್ಗೆ ಮಾತಾಡಿ ಬಂದಳು.

*

ಶನಿವಾರ ಬೆಳಿಗ್ಗೆ ಅವಳು ಬಣ್ಣದ ಪ್ರತಿಗಳನ್ನು ಮಡಿಸಿ, ಅಂಟಿಸಿ, ಒಂದು ಮಾದರಿ ಪುಸ್ತಕ ಮಾಡಿದಳು. ಲೈಬ್ರರಿ ತೆರೆಯಲು ನಲವತ್ತು ನಿಮಿಷ ಇತ್ತು. ಅವಸರ. ಆ ಅವಸರದಲ್ಲಿ ಒಂದು ಕೆಲಸ ಬಿಟ್ಟುಹೋಯಿತು.

ಮಸಿ ಪ್ರತಿ ದೃಶ್ಯ ಮುಗಿಸಿದ ಮೇಲೆ ಅದರ ಎಡಕ್ಕೆ ಅಂಗೈಯಗಲ ಜಾಗ ಬಿಟ್ಟಿದ್ದ. ಕುಂಚದಲ್ಲಿ ಉಳಿದ ಮಸಿಯನ್ನು ಅಲ್ಲಿ ಒರೆಸುತ್ತಿದ್ದ. ಆಮೇಲೆ ಕತ್ತರಿಸಿ ಬಿಸಾಡುವ ಜಾಗ ಅದು. ಅಂಚಿನಲ್ಲಿ ಪೆನ್ಸಿಲ್ ಗೆರೆಯೂ ಇತ್ತು. ಕತ್ತರಿ ಎಂದು ಹೆಸರು ಪಡೆದವಳು ಆ ಹನ್ನೆರಡು ಪಟ್ಟಿಗಳನ್ನು ಕತ್ತರಿಸಲು ಮರೆತಳು.

ಲೈಬ್ರರಿಯ ಮಕ್ಕಳ ಕೋಣೆಯಲ್ಲಿ ಹದಿನೇಳು ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಅಟ್ಲಾಸುಗಳ ಕಪಾಟಿನ ಪಕ್ಕ ಅವನು ನಿಂತಿದ್ದ, ಒಗೆದ ಬಿಳಿ ಅಂಗಿ ತೊಟ್ಟು, ವರದಿಗಾಗಿ ಕಾಯುವ ರೋಗಿಯ ಹಾಗೆ. ಅವಳು ಹಸಿರು ಅಂಗಿ ಹಾಕಿದ್ದಳು. ಇಬ್ಬರೂ ಅದನ್ನು ಗಮನಿಸಿದರು. ಇಬ್ಬರೂ ಗಮನಿಸದವರಂತೆ ಇದ್ದರು.

ಅವಳು ಮೊದಲ ಪುಟ ತೆರೆದಳು.

"ಮಳೆ ನಿಂತುಹೋದ ಊರಿನಿಂದ ಕೊಡೆಗಾರ ಡ್ರ್ಯಾಗನ್ ಹುಡುಕಿಕೊಂಡು ಹೊರಟ."

"ಎಲ್ಲಿ ಹೊರಟ?" ಮುಂದಿನ ಸಾಲಿನ ಎರಡು ಜಡೆಯವಳು ಕೇಳಿದಳು. "ವಾಪಸ್ ಬರ್ತಿದಾನೆ."

ಅವಳು ಅಟ್ಲಾಸಿನ ಕಡೆ ನೋಡಲಿಲ್ಲ. ಪುಟ ತಿರುಗಿಸಿದಳು. ಒಣಹೊಳೆ.

"ಇಲ್ಲೂ ವಾಪಸ್ಸೇ ಬರ್ತಿದಾನೆ," ಎಂದ ಇನ್ನೊಬ್ಬ.

"ಅವನ ಮನೆ ಯಾವ ಕಡೆ ಮಿಸ್?"

"ದಾರಿ ತಪ್ಪಿದಾನೆ. ನಮ್ಮ ಮಾವನೂ ಹೀಗೇ."

ಮೂರನೇ ಪುಟ, ಬಿದಿರು. ಗೊಂದಲ ಹೆಚ್ಚಿತು. ಒಬ್ಬ ಆಕಳಿಸಿದ. ಚಿತ್ರಪುಸ್ತಕಕ್ಕೆ ಆಕಳಿಕೆಗಿಂತ ದೊಡ್ಡ ತೀರ್ಪಿಲ್ಲ. ಮುಗಿಯಿತು ಎಂದುಕೊಂಡಳು. ಸೋಮವಾರ ಬೇರೆಯವರ ಕೈಗೆ. ಗೂಡು ಖಾಲಿ. ಸಕ್ಕರೆ ಜಾಸ್ತಿ ಆಯ್ತು ಎಂಬುದೇ ತಾನು ಅವನಿಗೆ ಹೇಳಿದ ಕೊನೆಯ ಮಾತು.

ಅಷ್ಟರಲ್ಲಿ ಹಿಂದಿನಿಂದ ಒಂದು ಪುಟ್ಟ ದನಿ. ಅಲ್ಲಿಯವರೆಗೆ ಹೆಬ್ಬೆರಳು ಚೀಪುತ್ತ ಕೂತಿದ್ದ ಹುಡುಗಿ, ಒದ್ದೆ ಬೆರಳನ್ನೇ ಚಾಚಿ ತೋರಿಸಿದಳು.

"ಅಲ್ಲಿದೆ."

"ಏನಿದೆ ಪುಟ್ಟಿ?"

"ಡ್ರ್ಯಾಗನ್. ಅವಿತ್ಕೊಂಡಿದೆ."

ಪುಟದ ಎಡ ಅಂಚಿನಲ್ಲಿ ಕುಂಚ ಒರೆಸಿದ ಬೂದು ಕಲೆ. ಹೊಗೆಯಂತೆ ಮೇಲಕ್ಕೆದ್ದು ಬಲಕ್ಕೆ ಬಾಗಿತ್ತು.

ಹದಿನೇಳು ಮಕ್ಕಳು ಒಟ್ಟಿಗೆ ಮುಂದಕ್ಕೆ ಬಂದರು. "ಹೂಂ! ಹಿಂದಿನ ಪುಟದಲ್ಲೂ ಇತ್ತು! ತೆಗೀರಿ ಮಿಸ್, ಹಿಂದೆ ತೆಗೀರಿ!"

ತೆಗೆದಳು. ಇತ್ತು. ಮೊದಲ ಪುಟದಲ್ಲಿ ಉಗುರಿನಷ್ಟು ತೆಳು ಬೂದು, ಎರಡನೆಯದರಲ್ಲಿ ಸ್ವಲ್ಪ ಗಾಢ, ಮೂರನೆಯದರಲ್ಲಿ ಇನ್ನೂ. ಕೊಡೆಗಾರ ಬೆಟ್ಟ ಹತ್ತಿದಂತೆಲ್ಲ ಚಿತ್ರಗಾರ ಮಸಿಯನ್ನು ಕಪ್ಪಾಗಿಸುತ್ತ ಹೋಗಿದ್ದ. ಒರೆಸಿದ ಜಾಗವೂ ಕಪ್ಪಾಗುತ್ತ ಹೋಗಿತ್ತು.

"ಅದು ಬರ್ತಿದೆ!" ಎರಡು ಜಡೆಯವಳು ಕೂಗಿದಳು. "ಅವನೂ ಬರ್ತಿದಾನೆ, ಅದೂ ಬರ್ತಿದೆ! ಇಬ್ಬರೂ ಡಿಕ್ಕಿ ಹೊಡೀತಾರೆ!"

"ಉಗುರು ನೋಡಿ, ಉಗುರು!" ಆರನೇ ಪುಟದಲ್ಲಿ ಕಲೆಯ ಮೇಲೆ ಮೂರು ಬೆರಳಿನ ಗುರುತಿತ್ತು.

ಕಪಾಟಿನ ಪಕ್ಕದಿಂದ ಮಸಿ ಬಾಯಿ ಬಿಟ್ಟ. ಪ್ರಾಮಾಣಿಕ ಮನುಷ್ಯ. "ಅದು... ಮಕ್ಕಳೇ, ಅದು ನಾನು ಕುಂಚ ಒರೆಸಿ..."

"ನೀವು ಸುಮ್ನಿರಿ," ಎಂದಳು ಅವಳು, ತಿರುಗದೆ. "ಅದು ಡ್ರ್ಯಾಗನ್."

ಆಮೇಲೆ ಅವಳು ತನ್ನ ನೂರ ತೊಂಬತ್ತು ಪದಗಳ ಹಾಳೆಯನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡಳು. ಮೊದಲ ಪುಟಕ್ಕೆ ಹೋದಳು. ಡ್ರ್ಯಾಗನ್ ಎಡದಿಂದ ಬರುತ್ತದೆ, ಓದುವ ಕಣ್ಣೂ ಎಡದಿಂದ ಬರುತ್ತದೆ. ಪುಟ ತಿರುಗಿಸುವ ಮಗು ಡ್ರ್ಯಾಗನ್ನಿನ ಬೆನ್ನ ಮೇಲೇ ಕೂತಿರುತ್ತದೆ. ಹಾಗಾದರೆ ಕಥೆ ಹೇಳಬೇಕಾದವರು ಯಾರು?

"ನಾನು ಡ್ರ್ಯಾಗನ್," ಎಂದು ಶುರು ಮಾಡಿದಳು. "ಯಾರೋ ಒಬ್ಬ ನನ್ನನ್ನು ಹುಡುಕಿಕೊಂಡು ಹೊರಟ ಅಂತ ಗಾಳಿ ಹೇಳಿತು. ನಾನೂ ಹೊರಟೆ. ಆದರೆ ನನಗೆ ನಾಚಿಕೆ. ಅವನು ಹೊಳೆ ದಾಟಿದ, ನಾನು ಅಂಚಿನಲ್ಲಿ ಅವಿತುಕೊಂಡೆ. ಅವನು ಬಿದಿರ ಮೆಳೆ ಹೊಕ್ಕ, ನಾನು ಒಂದು ಹೆಜ್ಜೆ ಹತ್ತಿರ ಬಂದೆ. ಅವನ ಹತ್ತಿರ ಕೊಡೆ ಇತ್ತು. ನನಗೆ ಕೊಡೆ ಕಂಡರೆ ಭಯ."

ಯಾರೂ ಆಕಳಿಸಲಿಲ್ಲ. ಹನ್ನೆರಡನೇ ಪುಟ ಬಂದಾಗ ಚಾಪೆ ಖಾಲಿಯಾಗಿತ್ತು. ಎಲ್ಲರೂ ಅವಳ ಮೇಲೆ ಬಿದ್ದಿದ್ದರು. ಬೆಟ್ಟದ ತುದಿಯಲ್ಲಿ ಡ್ರ್ಯಾಗನ್ ಮೋಡದಿಂದ ಹೊರಬಂದಿತ್ತು, ಕೊಡೆಗಾರ ಕೊಡೆ ಮಡಿಸುತ್ತಿದ್ದ. ಮೊದಲ ಹನಿ ಅವನ ಮೂಗಿನ ಮೇಲೆ. ಅಲ್ಲಿ ಅವಳು ಒಂದು ಮಾತೂ ಹೇಳಲಿಲ್ಲ. ಬೇಕಾಗಲಿಲ್ಲ.

"ಇನ್ನೊಂದ್ಸಲ," ಎಂದಳು ಹೆಬ್ಬೆರಳಿನ ಹುಡುಗಿ.

*

ಲೈಬ್ರರಿಯ ಹೊರಗಿನ ಮೆಟ್ಟಿಲ ಮೇಲೆ ಬಿಸಿಲಿತ್ತು. ಇಬ್ಬರೂ ಮಾದರಿ ಪುಸ್ತಕವನ್ನು ನಡುವೆ ಇಟ್ಟುಕೊಂಡು ಕೂತರು. ಅವಳು ಹೊಸ ಪಠ್ಯ ಬರೆದಳು. ಅವನು ಮಸಿಯ ಪೆನ್ನು ತೆಗೆದು ಕಲೆಗಳಿಗೆ ಎಲ್ಲೆಲ್ಲಿ ಒಂದು ಮೀಸೆ, ಒಂದು ಕಣ್ಣು ಕೊಡಬೇಕು ಎಂದು ಗುರುತು ಹಾಕಿದ. ಹತ್ತಿರದಿಂದ ನೋಡಿದರೆ ಮಾತ್ರ ಕಾಣುವಷ್ಟು.

"ನಾಲ್ಕನೇದಕ್ಕೆ ಕಣ್ಣು ಬೇಡ," ಎಂದಳು.

"ಯಾಕೆ?"

"ಅಲ್ಲಿ ಅದು ಇನ್ನೂ ನೋಡೋ ಧೈರ್ಯ ಮಾಡಿಲ್ಲ."

ಅವನು ಪೆನ್ನು ಎತ್ತಿದ. "ಡ್ರ್ಯಾಗನ್ ಬಗ್ಗೆ ತುಂಬ ಗೊತ್ತು ನಿಮಗೆ."

"ನಾನೇ ಬರೆದದ್ದಲ್ವಾ."

"ಮೊದಲು ಬರೆದಾಗ ಅದಕ್ಕೆ ಸಿಟ್ಟಿತ್ತು. ಇವತ್ತು ನಾಚಿಕೆ ಬಂತು. ಎಲ್ಲಿಂದ ಬಂತು?"

ಅವಳು ಹಾಳೆ ನೋಡುತ್ತ ಕೂತಳು. ಈಗ ಹೇಳಬಹುದಾದ ಬೇರೆ ಮಾತುಗಳು ಬೇಕಾದಷ್ಟಿದ್ದವು. ಆರನೇ ಪುಟದ ಬಗ್ಗೆ, ಸೋಮವಾರದ ಬಗ್ಗೆ, ಬಿಸಿಲಿನ ಬಗ್ಗೆ. ಒಂದೊಂದೂ ಒಂದೊಂದು ಕೊಡೆ. ಬಿಡಿಸಿದರೆ ಸಾಕು.

"ನಿಮ್ಮ ಬಾತುಕೋಳಿ ನನ್ನ ಕನ್ನಡಿಯಲ್ಲಿದೆ," ಎಂದಳು.

ಅವನು ಅವಳ ಕಡೆ ತಿರುಗಿದ. "ಬೇಡ ಅಂದ್ರಲ್ಲ?"

"ಕಥೆಯಲ್ಲಿ ಬೇಡ ಅಂದೆ. ಬೆಳಿಗ್ಗೆ ತಲೆ ಬಾಚುವಾಗ ನೋಡ್ತೀನಿ. ಗಂಟು ಹೊತ್ಕೊಂಡು ಹೋಗ್ತಿರುತ್ತೆ. ದಿನಾ ಅನ್ಸುತ್ತೆ, ಯಾಕೆ ಕಳಿಸ್ದೆ ಅಂತ. ಸುರುಳಿ ಚೆನ್ನಾಗಿತ್ತು. ಅವತ್ತೇ ಹೇಳಬೇಕಿತ್ತು. ಗಂಟಲು ಕಟ್ಟಿತ್ತು, ಅದಕ್ಕೇ ತಪ್ಪು ಹುಡುಕಿದೆ. ನನಗೆ ಇಷ್ಟ ಆದದ್ದು ಹತ್ತಿರ ಬಂದ್ರೆ ನಾನು ಹಾಗೇ ಮಾಡೋದು. ಟೀ ಕೂಡ ಸರಿಯಾಗೇ ಇತ್ತು. ಸಕ್ಕರೆ ಜಾಸ್ತಿ ಆಗಿರಲಿಲ್ಲ."

ಒಂದೇ ಉಸಿರಿಗೆ ಇಷ್ಟು ಮಾತನ್ನು ಕತ್ತರಿಸದೆ ಅವಳು ಯಾವತ್ತೂ ಆಡಿರಲಿಲ್ಲ.

ಅವನು ಪೆನ್ನಿನ ಮುಚ್ಚಳ ಹಾಕಿದ, ತಪ್ಪಿ ಎರಡನೇ ಸಲ ಹಾಕಿದ. ಆಮೇಲೆ ಎಡಗೈ ಚಾಚಿ ಅರ್ಧಕ್ಕೆ ನಿಲ್ಲಿಸಿದ. ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಹಸಿ ಮಸಿ.

"ತಾಳಿ," ಎಂದ. "ಒರೆಸ್ಕೊಳ್ತೀನಿ. ಬಟ್ಟೆ ಅಕ್ಕನ ಹತ್ರ..."

"ಇರ್ಲಿ ಬಿಡಿ," ಎಂದು ಅವಳೇ ಆ ಕೈ ಹಿಡಿದಳು.

ಅವನ ಕೈ ಬೆಚ್ಚಗಿತ್ತು, ಸ್ವಲ್ಪ ಜಾರುತ್ತಿತ್ತು. ಒಳಗಿಂದ ಮಕ್ಕಳು ಇನ್ನೂ ಉಗುರು, ಮೀಸೆ, ಡಿಕ್ಕಿ ಎಂದು ಜಗಳವಾಡುತ್ತಿದ್ದರು. ಇಬ್ಬರೂ ಕೇಳುತ್ತ ಕೂತರು. ಐದನೇ ಪುಟದ ಅಂಚಿನಲ್ಲಿ ಬಾತುಕೋಳಿಗೆ ಜಾಗವಿದೆ ಎಂದು ಅವಳಿಗೆ ಆಗ ಕಂಡಿತು. ಒಳಕ್ಕೆ ಮುಖ ಮಾಡಿದ ಬಾತುಕೋಳಿಗೆ.

ಅವನು ಮನೆಗೆ ಹೋದ. ಅವಳು ಹೊಸ ಪಠ್ಯ ಹಿಡಿದು ನೇರವಾಗಿ ಆಫೀಸಿಗೆ ಹೋದಳು. ದೊಡ್ಡಮ್ಮ ಮಾದರಿ ಪುಸ್ತಕವನ್ನು ಎರಡು ಸಲ ಓದಿದರು. ಎರಡನೇ ಸಲ ಅಂಚುಗಳನ್ನು ಮಾತ್ರ ನೋಡಿದರು. ಕೊನೆಯ ಪುಟದಲ್ಲಿ ಕನ್ನಡಕ ತೆಗೆದು ಒರೆಸಿದರು.

"ಸೋಮವಾರ ಕಳಿಸೋಣ," ಎಂದರು. "ಅವನ ಹೆಸರು ಮೊದಲು ಹಾಕು."

ಆಮೇಲೆ ಅವರ ಕಣ್ಣು ಹಸಿರು ಅಂಗಿಯ ತೋಳಿನ ಮೇಲೆ ನಿಂತಿತು. ಮುಂಗೈ ಹತ್ತಿರ ಒಂದು ಕಪ್ಪು ಕಲೆ, ಅದರ ಪಕ್ಕ ಮೂರು ಬೆರಳಿನ ಗುರುತು.

"ಏನೇ ಅದು?"

ಅವಳು ತೋಳನ್ನು ಬೆನ್ನ ಹಿಂದೆ ಬಚ್ಚಿಡಲು ಹೋದಳು. ಬಚ್ಚಿಡಲಿಲ್ಲ.

"ಡ್ರ್ಯಾಗನ್, ದೊಡ್ಡಮ್ಮ."